ಗೂಬೆಗಳ ಒಳಂಗಿ ಒಗೆದ ಡೆಲಿಮಾ

ವಸಾಗಮಿಯ ದಿನಸಿ ಅಂಗಡಿಯಲ್ಲಿ ಡೆಲಿಮಾ ತುರ್ಕೋತ್ ಸೋಪಿನ ಪುಡಿಯ ಡಬ್ಬಕ್ಕೆ ಕೈ ಹಾಕಿದರೆ ಸಾಕು, ಹಿಂದೆ ನಿಂತವರಲ್ಲಿ ಯಾರಾದರೊಬ್ಬರು ಕೆಮ್ಮುತ್ತಿದ್ದರು. ಅದು ನೆಗಡಿಯ ಕೆಮ್ಮಲ್ಲ. ‘ಇವಳೇ ನೋಡು ಒಗೆದವಳು’ ಎನ್ನುವ ಕೆಮ್ಮು. ಮೂವತ್ತು ವರ್ಷ ಅವಳು ಆ ಕೆಮ್ಮನ್ನು ಕೇಳಿಸಿಕೊಂಡಳು. ತಿರುಗಿ ನೋಡಲಿಲ್ಲ, ಸೋಪು ಕೊಳ್ಳುವುದನ್ನು ಬಿಡಲೂ ಇಲ್ಲ. ಸೋಪಿಲ್ಲದೆ ಬದುಕುವುದು ಅವಳಿಂದಾಗದ ಮಾತು.

ಅವಳು ಏನನ್ನು ಒಗೆದಳು, ಅದಕ್ಕೆ ಊರಿಗೆ ಊರೇ ಯಾಕೆ ಮುನಿಸಿಕೊಂಡಿತು ಎಂಬುದನ್ನು ಹೇಳಬೇಕಾದರೆ ಮೊದಲು ಗೂಬೆಗಳ ಕಥೆ ಹೇಳಬೇಕು.

ಉತ್ತರದ ಕಾಗದದ ಕಾರ್ಖಾನೆಗಳ ಆರು ಊರುಗಳು ಸೇರಿ ನಡೆಸುತ್ತಿದ್ದ ಐಸ್ ಹಾಕಿ ಲೀಗ್ ಒಂದಿತ್ತು. ಸಂಬಳ ಕೊಟ್ಟು ಆಡಿಸುವ ತಂಡಗಳು. ಹಾಸಿಗೆ ಅಂಗಡಿಯ ಹೆಕ್ಟರ್ ಪ್ಯಾಜೆಟ್ ೧೯೫೭ರಲ್ಲಿ ವಸಾಗಮಿಗೂ ಒಂದು ತಂಡ ಕಟ್ಟಿ ಅದಕ್ಕೆ ‘ಔಲ್ಸ್’ ಎಂದು ಹೆಸರಿಟ್ಟ. ಅಂದರೆ ಗೂಬೆಗಳು. ಆಟಗಾರರ ಎದೆಯ ಮೇಲೆ ದೊಡ್ಡ ಕಣ್ಣಿನ ಗೂಬೆ; ಬೆನ್ನ ಮೇಲೆ ‘ಪ್ಯಾಜೆಟ್ ಹಾಸಿಗೆ: ಮಲಗಿದರೆ ಏಳುವ ಮನಸ್ಸಾಗದು’ ಎಂಬ ಜಾಹೀರಾತು. ಬೇರೆ ಊರಿನ ಆಟದಂಗಳಗಳಲ್ಲಿ, ಅಂದರೆ ರಿಂಕ್‌ಗಳಲ್ಲಿ ನಮ್ಮವನೊಬ್ಬ ಮಂಜುಗಡ್ಡೆಯ ಮೇಲೆ ಬೋರಲು ಬಿದ್ದಾಗಲೆಲ್ಲ ಜನ ಆ ಸಾಲನ್ನು ಪ್ರಾರ್ಥನೆಯ ಹಾಗೆ ಒಕ್ಕೊರಲಿನಿಂದ ಓದುತ್ತಿದ್ದರು.

ಪ್ಯಾಜೆಟ್ ನಿಜವಾದ ಗೂಬೆಯೊಂದನ್ನೂ ತರಿಸಿ ರಿಂಕ್‌ನ ಬಾಗಿಲಲ್ಲಿ ಪಂಜರದಲ್ಲಿಟ್ಟಿದ್ದ. ಮೊದಲ ಪಂದ್ಯದ ಸೈರನ್ ಕೇಳಿದ್ದೇ ಅದು ಆಟಗಾರರಿಗೆ ಬೆನ್ನು ಹಾಕಿ ಕುಳಿತದ್ದು, ಇಡೀ ಚಳಿಗಾಲ ಈ ಕಡೆ ತಿರುಗಲಿಲ್ಲ. ಗೋಲು ಹೊಡೆದಾಗ ಕಾರ್ಖಾನೆಯ ಸೀಟಿ ಊದಿಸುವ ಏರ್ಪಾಡೂ ಆಗಿತ್ತು. ಗೋಲೆಂಬುದು ಎಷ್ಟು ಅಪರೂಪವಾಗಿತ್ತೆಂದರೆ, ಮೊದಲ ಸಲ ಸೀಟಿ ಕೇಳಿದಾಗ ಸಂಜೆ ಪಾಳಿಯವರು ಕೆಲಸ ಮುಗಿಯಿತೆಂದುಕೊಂಡು ಕೋಟು ಹಾಕಿಕೊಂಡು ಮನೆಗೆ ಹೊರಟುಬಿಟ್ಟರು. ಮಾರನೆಯ ದಿನವೇ ಸೀಟಿ ನಿಂತಿತು. ಹದಿನಾಲ್ಕು ಚಳಿಗಾಲಗಳಲ್ಲಿ ಗೂಬೆಗಳು ಹನ್ನೆರಡು ಸಲ ಕಟ್ಟಕಡೆಯ ಸ್ಥಾನ ಪಡೆದರು. ಒಂದು ವರ್ಷ ಮಾತ್ರ ಐದನೆಯವರಾದರು. ಆ ವರ್ಷ ಇನ್ನೊಂದು ಊರಿನ ರಿಂಕ್‌ನ ಮಾಡು ಹಿಮದ ಭಾರಕ್ಕೆ ಕುಸಿದು ಅವರ ಆಟವೇ ನಿಂತುಹೋಗಿತ್ತು.

ಉಳಿದದ್ದು ಹದಿನಾಲ್ಕನೆಯ ಚಳಿಗಾಲ. ಡೆಲಿಮಾಳ ಕಥೆ ಅಲ್ಲಿದೆ.

ಅವಳು ಎರಡನೆಯ ವರ್ಷದಿಂದಲೂ ತಂಡದ ಬಟ್ಟೆ ಒಗೆಯುತ್ತಿದ್ದಳು. ಗಂಡ ಒವಿಲಾ ಕಾರ್ಖಾನೆಯಲ್ಲಿ ಮರದ ತಿರುಳು ಬೇಯಿಸುವ ಹಂಡೆಗಳ ಮೇಲೆ ಕೆಲಸಕ್ಕಿದ್ದ. ರಿಂಕ್‌ನಲ್ಲಿ ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಕೆಳಗೆ, ಬಾಯ್ಲರಿನ ಪಕ್ಕದಲ್ಲಿ, ಅವಳ ಒಗೆಯುವ ಕೋಣೆ. ಅಲ್ಲೊಂದು ಒಗೆಯುವ ಯಂತ್ರ, ಹಿಂಡುವ ಉರುಳೆಗಳು, ಗೋಡೆಯ ಮೇಲೆ ಸಂತ ಅನ್ನಮ್ಮನ ಪಟ. ಆಟಗಾರರು ಮೈಗಂಟಿ ತೊಡುವ ಉಣ್ಣೆಯ ಒಳಂಗಿಗಳನ್ನು ಅವಳು ಯಂತ್ರಕ್ಕೆ ಹಾಕದೆ ಕೈಯಲ್ಲೇ ಒಗೆಯುತ್ತಿದ್ದಳು, ಒಂದೊಂದು ಅಂಗಿಗೆ ಒಂದೊಂದು ನಮೋ ಮರಿಯಾ ಪ್ರಾರ್ಥನೆ ಹೇಳಿಕೊಳ್ಳುತ್ತ. ಗೋಲ್‌ಕೀಪರನ ಅಂಗಿಗೆ ಮಾತ್ರ ಎರಡು. ಅವನಿಗೆ ತಡೆಯುವುದು ಜಾಸ್ತಿ ಇರುತ್ತದಲ್ಲ ಎಂಬುದು ಅವಳ ಲೆಕ್ಕ. ಆಟಗಾರರೆಲ್ಲ ಅವಳನ್ನು ತುರ್ಕೋತ್ ಅಮ್ಮ ಎನ್ನುತ್ತಿದ್ದರು. ಹದಿನಾಲ್ಕನೆಯ ಚಳಿಗಾಲದಲ್ಲೂ ಅವಳಿಗೆ ಇನ್ನೂ ನಲವತ್ತೆಂಟು.

೧೯೭೧ರ ಜನವರಿಯಲ್ಲಿ ಸಾಲಾಗಿ ಒಂಬತ್ತು ಪಂದ್ಯ ಸೋತ ಗೂಬೆಗಳು ಹತ್ತನೆಯದನ್ನು ಅದು ಹೇಗೋ ಗೆದ್ದುಬಿಟ್ಟರು. ನಾಯಕ ಬಡ್ ಹೊರ್ಗನ್ ಒಗೆಯುವ ಕೋಣೆಗೆ ಬಂದು ಬಾಗಿಲಿಗೆ ಅಡ್ಡ ನಿಂತ. ಗೆದ್ದ ಬಟ್ಟೆಗೆ ನೀರು ಮುಟ್ಟಿಸಬಾರದು, ಸೋಲುವವರೆಗೂ ಅದೇ ಬೆವರಲ್ಲಿ ಆಡುತ್ತೇವೆ ಎಂದ. ಇದು ಹಾಕಿ ಆಡುವವರಲ್ಲಿ ಇದ್ದದ್ದೇ. ಆದರೆ ಗೂಬೆಗಳು ಎರಡು ಪಂದ್ಯ ಸಾಲಾಗಿ ಗೆದ್ದದ್ದೇ ಇಲ್ಲವಾದ್ದರಿಂದ ಡೆಲಿಮಾಳಿಗೆ ಈ ಕಷ್ಟ ಬಂದಿರಲಿಲ್ಲ. ಎರಡು ದಿನದ ಮಾತು ತಾನೆ, ನಾಡಿದ್ದು ಸೋಲುತ್ತಾರೆ ಎಂದುಕೊಂಡು ಅವಳು ಸುಮ್ಮನಾದಳು.

ಅವರು ಸೋಲಲಿಲ್ಲ. ಎರಡನೆಯದನ್ನೂ ಗೆದ್ದರು. ಮೂರನೆಯ ಪಂದ್ಯದ ಎದುರಾಳಿ ತಂಡ ಹಿಮದಲ್ಲಿ ದಾರಿ ತಪ್ಪಿ, ಬಸ್ಸಿನಲ್ಲೇ ಅರ್ಧ ದಿನ ಕೂತು, ಮರಗಟ್ಟಿದ ಕಾಲಲ್ಲಿ ಬಂದು ಆಡಿತು, ಅದನ್ನೂ ಗೆದ್ದರು. ಅಷ್ಟರಲ್ಲಿ ಗೋಲ್‌ಕೀಪರ್ ಆರ್ವೋ ನಿಸ್ಕಾನ ಬೆನ್ನ ಮೇಲೆ ಬೆವರುಸಾಲೆ ಎದ್ದು ಬೆನ್ನೆಲ್ಲ ಕೆಂಪಾಗಿತ್ತು. ಫಿನ್ನರೆಂಬ ವಲಸೆಗಾರರ ಮನೆಯ ಹುಡುಗ, ಕಟ್ಟುಮಸ್ತಾದ ಆಳು, ಪಾಪ ಬಾಯಿ ಬಿಟ್ಟು ಹೇಳುವವನಲ್ಲ. ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತ ನಿಂತಿದ್ದ ಅವನನ್ನು ಡೆಲಿಮಾ ನೋಡಿದಳು. ಸಂತ ಅನ್ನಮ್ಮನ ಪಟದ ಕಡೆಗೂ ನೋಡಿದಳು. ಮಗಳು ಮರಿಯಾಳನ್ನು ಸಾಕಿದ ತಾಯಿ ಆಕೆಯೂ ಅಲ್ಲವೇ. ಅಂದೇ ಬಾಗಿಲಿಗೆ ಅಗುಳಿ ಹಾಕಿಕೊಂಡು ಹದಿನೆಂಟು ಒಳಂಗಿಗಳನ್ನೂ ಒಗೆದುಬಿಟ್ಟಳು.

ಒಗೆದು, ಒಣಗಿಸಿ, ಮಡಿಸಿ ಇಟ್ಟ ಮೇಲೆ ಅವಳು ಒಂದನ್ನು ಮೂಸಿ ನೋಡಿದಳು. ಅಂಗಿಗಳು ಘಮಘಮ ಎನ್ನುತ್ತಿದ್ದವು. ಆಟಗಾರರಿಗೆ ಮೂಗಿಲ್ಲವೇ? ಹಾಗಾಗಿ ನಾತವನ್ನು ಮತ್ತೆ ಮಾಡಿ ಹಾಕಬೇಕಾಯಿತು.

ಅದು ಸುಲಭದ ಕೆಲಸವಾಗಿರಲಿಲ್ಲ. ಈರುಳ್ಳಿ ನೀರು ಚಿಮುಕಿಸಿದಳು. ಅಡುಗೆಮನೆಯ ವಾಸನೆ ಬಂತು. ಹಳೆಯ ಚೀಸ್ ಉಜ್ಜಿದಳು, ಇಲಿ ಬಂತು. ಕೊನೆಗೆ ಹುಳಿ ಬಂದ ಎಲೆಕೋಸಿನ ನೀರು, ಉಪ್ಪು ಹಾಕಿದ ಮೀನಿನ ಚರ್ಮ, ಇವೆರಡರ ಜೊತೆ ಒವಿಲಾನ ಕಾರ್ಖಾನೆ ಬೂಟುಗಳೊಳಗಿನ ಉಣ್ಣೆಯ ಪದರವನ್ನು ಒಂದು ದಿನ ನೆನೆಹಾಕಿ ಸೋಸಿ ಬಾಟಲಿಗೆ ತುಂಬಿದಳು. ಮುಚ್ಚಳ ತೆಗೆದಾಗ ಕಣ್ಣಲ್ಲಿ ನೀರು ಬಂತು. ಸರಿಯಾಗಿದೆ ಎಂದು ಗೊತ್ತಾಯಿತು. ಒಂದು ಸಣ್ಣ ದೇವದಾರು ರೆಂಬೆಯನ್ನು ಅದರಲ್ಲಿ ಅದ್ದಿ, ಗುರುಗಳು ತೀರ್ಥ ಚಿಮುಕಿಸುವ ಹಾಗೆ ಅಂಗಿಗಳ ಮೇಲೆ ಚಿಮುಕಿಸಿದಳು. ಆಮೇಲೆ, ತೀರ್ಥವನ್ನು ಇದಕ್ಕೆ ಹೋಲಿಸಿದೆನಲ್ಲ ಎಂದು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

ಇಷ್ಟಾದರೂ ಮೊದಲ ದಿನವೇ ಸಿಕ್ಕಿಬೀಳುವುದರಲ್ಲಿದ್ದಳು. ಆರ್ವೋ ಅಂಗಿಯನ್ನು ಮೂಗಿಗೆ ಹಿಡಿದು ಯೋಚಿಸಿದ.

“ತುರ್ಕೋತ್ ಅಮ್ಮ, ಇದು ನನ್ನ ವಾಸನೆ ಅಲ್ಲ.”

“ಮತ್ತೆ ಯಾರದಪ್ಪ?”

ಅವನು ಪಕ್ಕದವನ ಅಂಗಿ ಮೂಸಿದ, ಅದರ ಪಕ್ಕದ್ದನ್ನೂ ಮೂಸಿದ. “ಎಲ್ಲಾರ್ದೂ ಒಂದೇ ಥರ ಇದೆ.”

“ಒಂದೇ ತಂಡದೋರು ತಾನೆ,” ಎಂದಳು ಡೆಲಿಮಾ. “ಗೆಲ್ಲೋಕೆ ಶುರು ಮಾಡಿದ್ರೆ ಹಾಗೇ, ಎಲ್ಲಾ ಒಂದಾಗುತ್ತೆ.”

ಬಡ್ ಹೊರ್ಗನ್‌ಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಅದನ್ನು ಸುಣ್ಣದ ಕಡ್ಡಿಯಲ್ಲಿ ಬಟ್ಟೆ ಬದಲಿಸುವ ಕೋಣೆಯ ಗೋಡೆಯ ಮೇಲೆ ಬರೆದ. ನಾಲ್ಕನೆಯದನ್ನು ಗೆದ್ದರು. ಐದು, ಆರು, ಏಳನ್ನೂ ಗೆದ್ದರು. ಆರ್ವೋನ ಬೆನ್ನು ವಾಸಿಯಾಯಿತು. ಮೈ ಕೊಳೆಗೆ ಒಗ್ಗಿಕೊಂಡಿದೆ ಎಂದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ನೋಡನೋಡುತ್ತ ಊರಿಗೂ ಈ ಹುಚ್ಚು ಹತ್ತಿತು. ತಂಡ ಗೆಲ್ಲುತ್ತಿರುವಾಗ ನಾವು ತೊಳೆದುಕೊಂಡು ಕೂತರೆ ಹೇಗೆ ಎಂದು ಗಂಡಸರು ಉದ್ದನೆಯ ಒಳಚಡ್ಡಿ ಬದಲಿಸುವುದನ್ನು ನಿಲ್ಲಿಸಿದರು. ಮೊದಲೇ ಕಾರ್ಖಾನೆಯ ಹೊಗೆಗೆ ಕೊಳೆತ ಮೊಟ್ಟೆಯ ವಾಸನೆ ಹೊಡೆಯುವ ಊರು; ಈಗ ಕೇಳಬೇಕೆ. ಭಾನುವಾರದ ಪೂಜೆಗೆ ಫಾದರ್ ಕ್ಲೆಮಾನ್ ಹೊರಗೆ ಮೈನಸ್ ಮೂವತ್ತು ಇದ್ದರೂ ಇಗರ್ಜಿಯ ಕಿಟಕಿಗಳನ್ನೆಲ್ಲ ತೆರೆಸಿದರು. ಒವಿಲಾ ಇಪ್ಪತ್ತು ದಿನದಿಂದ ಒಂದೇ ಒಳಚಡ್ಡಿಯಲ್ಲಿದ್ದೇನೆಂದು ಗೆಳೆಯರ ಮುಂದೆ ಎದೆ ಸೆಟೆಸಿ ಹೇಳಿಕೊಂಡ. ಪಾಪ, ಶನಿವಾರ ಶನಿವಾರ ಅವನು ಸ್ನಾನಕ್ಕಿಳಿದಾಗ ಡೆಲಿಮಾ ಅದನ್ನೂ ಒಗೆದು, ಒಲೆಯ ಮೇಲೆ ಒಣಗಿಸಿ, ಅದೇ ಬಾಟಲಿಯಿಂದ ನಾಲ್ಕು ಹನಿ ಚಿಮುಕಿಸಿ ಇಡುತ್ತಿದ್ದದ್ದು ಅವನಿಗೆ ಗೊತ್ತಿರಲಿಲ್ಲ.

ಹನ್ನೊಂದು ಪಂದ್ಯ ಗೆದ್ದ ಗೂಬೆಗಳು ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಫೈನಲ್ ತಲುಪಿದರು. ಫೋರ್ಟ್ ಕ್ರಾಲಿಯ ತಂಡದ ಮೇಲೆ, ವಸಾಗಮಿಯಲ್ಲೇ, ಭಾನುವಾರ ಮಧ್ಯಾಹ್ನ.

ಅದು ತಪಸ್ಸುಕಾಲ. ಈಸ್ಟರ್‌ಗೆ ಮುಂಚೆ ಪಾಪನಿವೇದನೆ ಮಾಡಲೇಬೇಕು. ಡೆಲಿಮಾ ಶನಿವಾರ ಬೆಳಿಗ್ಗೆ, ಬಟ್ಟೆ ಒಗೆಯುವುದಕ್ಕೆ ಮೊದಲು, ಇಗರ್ಜಿಗೆ ಹೋಗಿ ನಿವೇದನೆಯ ಗೂಡಿನ ಜಾಲರಿಯ ಮುಂದೆ ಮೊಣಕಾಲೂರಿದಳು. ಜಾಲರಿಯ ಆಚೆ ಫಾದರ್ ಕ್ಲೆಮಾನ್. ದೇವರ ಮೇಲೆ ಎಷ್ಟು ಭಕ್ತಿಯೋ, ಗೂಬೆಗಳ ಮೇಲೂ ಹೆಚ್ಚುಕಡಿಮೆ ಅಷ್ಟೇ. ಪಂದ್ಯದ ದಿನ ಅವರ ಪ್ರಬೋಧನೆ ಏಳು ನಿಮಿಷ ಮೀರುತ್ತಿರಲಿಲ್ಲ. ಡೆಲಿಮಾ ಎಲ್ಲವನ್ನೂ ಹೇಳಿದಳು.

“ಎಷ್ಟು ಪಂದ್ಯಕ್ಕೆ ಒಗೆದೆ?”

“ಎಂಟಕ್ಕೆ, ಫಾದರ್.”

“ಎಂಟೂ ಗೆದ್ರು.”

“ಗೆದ್ರು, ಫಾದರ್.”

“ಸೋಪು ಯಾವುದು?” ಎಂದು ಕೇಳಿ, ಕೂಡಲೇ, “ಬೇಡ, ಹೇಳ್ಬೇಡ. ಅದು ನಿವೇದನೆಗೆ ಸೇರಿದ್ದಲ್ಲ,” ಎಂದರು.

ಫಾದರ್ ಕ್ಲೆಮಾನ್ ಪ್ರಾಮಾಣಿಕ ಮನುಷ್ಯ. ಮೂಢನಂಬಿಕೆಯವರಿಗೆ ಚೊಕ್ಕಟ ಬಟ್ಟೆ ತೊಡಿಸಿದರೆ ಅದೇನು ಪಾಪವಲ್ಲ, ಒಗೆಯುತ್ತಿರು ಎಂದುಬಿಡಲು ನಾಲಿಗೆ ತುದಿಯಲ್ಲೇ ಕಾರಣವಿತ್ತು. ಆದರೆ ಹಾಗೆನ್ನಲು ತನಗೆ ಇಷ್ಟೊಂದು ಆಸೆಯಾಗುತ್ತಿದೆ ಎಂದರೆ ಅದರಲ್ಲಿ ಸೈತಾನನ ಕೈವಾಡ ಇರಲೇಬೇಕು ಎಂದು ಅವರಿಗನ್ನಿಸಿತು. ಬೆವರೊರೆಸಿಕೊಂಡು, ಮೋಸ ಮೋಸವೇ ಎಂದರು. ಒಂದೋ ಹುಡುಗರಿಗೆ ನಿಜ ಹೇಳು, ಇಲ್ಲವೇ ಒಗೆಯುವುದನ್ನು ಬಿಡು; ಪ್ರಾಯಶ್ಚಿತ್ತಕ್ಕೆ ಒಂದು ಜಪಸರ ಮಾಡು. ಕ್ಷಮಾಪಣೆಯ ಮಂತ್ರವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು.

ಫೈನಲ್‌ನ ಹಿಂದಿನ ದಿನ ಹುಡುಗರಿಗೆ ನಿಜ ಹೇಳಿದರೆ ಅವರ ಕೈಕಾಲೇ ಆಡುವುದಿಲ್ಲ. ಆದ್ದರಿಂದ ಡೆಲಿಮಾ ಒಗೆಯದಿರುವುದನ್ನೇ ಆರಿಸಿಕೊಂಡಳು. ಒಂದು ವಾರದ ಬೆವರು ಬಾಯ್ಲರಿನ ಪಕ್ಕದಲ್ಲಿ ಒಣಗಿ, ಉಪ್ಪುಗಟ್ಟಿ, ಅಂಗಿಗಳು ಹಲಗೆಯ ಹಾಗಾಗಿದ್ದವು. ಬಾಟಲಿಯನ್ನು ಚರಂಡಿಗೆ ಸುರಿದಳು. ಆ ಸಂಜೆ ಜಪಸರ ಹಿಡಿದು ಕೂತರೂ ಬೆರಳುಗಳು ಸುಮ್ಮನೆ ಉಜ್ಜುವಂತೆ ಆಡುತ್ತಿದ್ದವು.

ಭಾನುವಾರ ಊರಿನ ಎರಡು ಸಾವಿರ ಜನವೂ ರಿಂಕ್‌ನಲ್ಲಿತ್ತು. ಕೊನೆಯ ಐದು ನಿಮಿಷ ಉಳಿದಿದ್ದಾಗ ಮೂರು ಮೂರು ಸಮ. ಆರ್ವೋ ಮೊದಲಿನಿಂದಲೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಭುಜ ಕುಣಿಸುತ್ತಿದ್ದ, ಸೊಂಟ ತಿರುಗಿಸುತ್ತಿದ್ದ. ಫೋರ್ಟ್ ಕ್ರಾಲಿಯವರು ಇದೇನೋ ಹೊಸ ತಂತ್ರವೆಂದು ಹೆದರಿದ್ದರು. ಅವರಲ್ಲೊಬ್ಬ ನಡುಗೆರೆಯ ಆಚೆಯಿಂದ ರಬ್ಬರ್ ಬಿಲ್ಲೆಯನ್ನು ಸುಮ್ಮನೆ ಈ ಕಡೆ ತಳ್ಳಿ, ಆಟಗಾರರ ಬದಲಾವಣೆಗೆಂದು ಬೆಂಚಿಗೆ ಹೋಗಿ ಕೂತ. ಬಿಲ್ಲೆ ನಿಧಾನವಾಗಿ, ಬಹಳ ನಿಧಾನವಾಗಿ ಜಾರಿಕೊಂಡು ಬಂತು. ಆರ್ವೋ ಆ ಹೊತ್ತಿಗೆ ಗೋಲಿನ ಕಂಬಕ್ಕೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಹಸು ಮರಕ್ಕೆ ಮೈಯುಜ್ಜುವ ಹಾಗೆ ಮೇಲೆ ಕೆಳಗೆ ಉಜ್ಜುತ್ತಿದ್ದ. ಅವನ ಮುಖದ ಮೇಲಿದ್ದ ಸುಖವನ್ನು ಕಂಡವರು ಇಂದಿಗೂ ಮರೆತಿಲ್ಲ. ಎರಡು ಸಾವಿರ ಜನ ಕೂಗಿದ್ದನ್ನು ಅವನು ತನಗೆ ಜೈಕಾರವೆಂದುಕೊಂಡ. ಬಿಲ್ಲೆ ಅವನ ಕಾಲ ಪಕ್ಕದಿಂದ ಒಳಗೆ ಹೋಯಿತು.

ನಾಲ್ಕು ಮೂರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಆರ್ವೋ ಒಳಂಗಿಯನ್ನು ಕಳಚಿ ಮೂಸಿದ. ವಾಸನೆಯೇನೋ ಇತ್ತು, ಆದರೆ ಅದು ಗೆಲುವಿನ ವಾಸನೆಯಾಗಿರಲಿಲ್ಲ. ಉಳಿದವರೂ ಮೂಸಿ ತಲೆಯಾಡಿಸಿದರು.

“ಯಾರೋ ಒಗ್ದಿದ್ದಾರೆ,” ಎಂದ ಆರ್ವೋ. “ಸೋಪು ಸರಿಯಾಗಿ ಹೋಗಿಲ್ಲ. ಅದಕ್ಕೇ ನಂಗೆ ಕಡಿತ.”

ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಡೆಲಿಮಾಳ ಕಡೆ ಎಲ್ಲರೂ ತಿರುಗಿದರು. “ನಾನು ಒಗೀಲಿಲ್ಲ,” ಎಂದಳು ಅವಳು. ಸಂತ ಅನ್ನಮ್ಮನ ಆಣೆಗೂ ಅದು ನಿಜ.

“ಹಾಗಾದ್ರೆ ನಮ್ಮ ವಾಸನೆ ಎಲ್ಲಿಗೆ ಹೋಯ್ತು?” ಎಂದು ಕೇಳಿದ ಬಡ್.

ಅದು ಹಿಂದಿನ ದಿನವೇ ಚರಂಡಿಗೆ ಹೋಗಿತ್ತು. ಡೆಲಿಮಾ ಬುಟ್ಟಿ ಎತ್ತಿಕೊಂಡು ಹೊರಟಳು.

ಆ ಮೇ ತಿಂಗಳಲ್ಲಿ ಹೆಕ್ಟರ್ ಪ್ಯಾಜೆಟ್ ತಂಡವನ್ನು ಮುಚ್ಚಿದ. ಮೂರು ಊರುಗಳು ಆಗಲೇ ಲೀಗ್ ಬಿಟ್ಟಿದ್ದವು. ಜನ ಮನೆಯಲ್ಲೇ ಟಿವಿ ಮುಂದೆ ಕೂತು ದೊಡ್ಡ ಊರುಗಳ ಆಟ ನೋಡಲು ಶುರುಮಾಡಿದ್ದರು. ಗೂಬೆಗಳು ಗೆದ್ದಿದ್ದರೂ ಉಳಿಯುತ್ತಿರಲಿಲ್ಲ. ಆದರೆ ವಸಾಗಮಿಗೆ ಈ ಕಾರಣ ರುಚಿಸಲಿಲ್ಲ. ತುರ್ಕೋತ್ ಅಮ್ಮ ಒಗೆದಳು, ತಂಡ ಹೋಯಿತು ಎನ್ನುವುದು ಹೇಳಲು ಸುಲಭ, ನೆನಪಿಡಲೂ ಸುಲಭ. ಹೀಗೆ ತಂಡ ಸತ್ತಮೇಲೂ ಅದರ ಗೂಬೆಯನ್ನು ಊರು ಅವಳ ತಲೆಯ ಮೇಲೆ ಕೂರಿಸಿತು. ಹನ್ನೊಂದರಲ್ಲಿ ಎಂಟು ಪಂದ್ಯಕ್ಕೆ ಒಗೆದವಳನ್ನು, ಒಗೆಯದ ಒಂದು ಪಂದ್ಯಕ್ಕಾಗಿ ಒಗೆದವಳೆಂದರು.

ಒವಿಲಾ ಒಂದು ತಿಂಗಳು ಅವಳೊಡನೆ ಮಾತಾಡಲಿಲ್ಲ. ಆಮೇಲೆ ಕ್ಷಮಿಸಿದ. ಅಲ್ಲಿಂದಾಚೆ ಪ್ರತಿ ಈಸ್ಟರ್‌ನಲ್ಲೂ ಮೊಟ್ಟೆ ಒಡೆಯುತ್ತ, “ಹೋಗ್ಲಿ ಬಿಡು ಡೆಲಿಮಾ, ನಿನ್ನ ಅಭ್ಯಾಸ ನಿನ್ನನ್ನ ಬಿಡ್ಲಿಲ್ಲ,” ಎಂದು ಹೊಸದಾಗಿ ಕ್ಷಮಿಸುತ್ತಿದ್ದ. ಅವನ ಸಿಟ್ಟಿಗಿಂತ ಈ ಕ್ಷಮೆಯನ್ನೇ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಎಷ್ಟೋ ಸಲ ಹೇಳಿಬಿಡೋಣವೆನಿಸಿತು. ಆದರೆ ಆ ಹುಡುಗರಿಗೆ ಜೀವಮಾನದಲ್ಲಿ ಹೆಮ್ಮೆ ಪಡಲು ಇದ್ದದ್ದು ಆ ಹನ್ನೊಂದು ಗೆಲುವು ಮಾತ್ರ. ಬಡ್ ಹೊರ್ಗನ್ ಸಿಕ್ಕಸಿಕ್ಕ ಮದುವೆ, ತಿಥಿಗಳಲ್ಲೆಲ್ಲ ಎದ್ದು ನಿಂತು ಕೊಳೆಬಟ್ಟೆಯ ಮಹಿಮೆ ಹೇಳುತ್ತಿದ್ದ. ಅದು ಎಲೆಕೋಸಿನ ನೀರು ಎಂದು ಯಾವ ಬಾಯಲ್ಲಿ ಹೇಳುವುದು? ಇದೂ ಪ್ರಾಯಶ್ಚಿತ್ತದ ಪಾಲೇ ಇರಬೇಕೆಂದು ಅವಳು ಸಹಿಸಿಕೊಂಡಳು. ಒವಿಲಾ ತೀರಿಕೊಳ್ಳುವ ವರ್ಷವೂ ಅವಳನ್ನು ಕ್ಷಮಿಸಿಯೇ ಹೋದ.

೨೦೦೧ರ ಶರತ್ಕಾಲದಲ್ಲಿ ಬಡ್ ಅವಳ ಮನೆಗೆ ಬಂದ. ಕೂದಲೆಲ್ಲ ಉದುರಿತ್ತು, ದನಿ ಹಾಗೇ ಇತ್ತು. ಟೋಪಿ ಕೈಯಲ್ಲಿ ಹಿಡಿದು, ಕೊಟ್ಟ ಬೆರ್ರಿ ಕಡುಬು ತಿಂದು, ರಿಂಕ್‌ನ ಹಜಾರದಲ್ಲಿ ಗೂಬೆಗಳ ನೆನಪಿಗೆ ಗಾಜಿನ ಪೆಟ್ಟಿಗೆ ಇಡುತ್ತಿದ್ದೇವೆ ಎಂದ. ಫೈನಲ್‌ನಲ್ಲಿ ತೊಟ್ಟ ಒಳಂಗಿಯನ್ನು ಆರ್ವೋ ಹಂದಿಕೊಬ್ಬಿನ ತಗಡಿನ ಡಬ್ಬದಲ್ಲಿ ಮೂವತ್ತು ವರ್ಷ ಮುಚ್ಚಿಟ್ಟಿದ್ದನಂತೆ. ಅದನ್ನೇ ಇಡುವುದು. ಕೆಳಗೆ ಹಿತ್ತಾಳೆಯ ಫಲಕ.

“ಒಂದು ವಿಷಯ ಕೇಳ್ಕೊಂಡು ಹೋಗೋಣ ಅಂತ ಬಂದೆ. ಇಂಗ್ಲಿಷಲ್ಲಿ ನಿಮ್ಮ ಹೆಸರಿನ ಕೊನೇಲಿ ಎರಡು ಟಿ ಬರುತ್ತಲ್ವಾ?”

ಅವನು ಚೀಟಿ ತೋರಿಸಿದ: ‘ಈ ಒಳಂಗಿಯನ್ನು ಫೈನಲ್‌ನ ಹಿಂದಿನ ದಿನ ಶ್ರೀಮತಿ ಡೆಲಿಮಾ ತುರ್ಕೋತ್ ಅವರು ಒಗೆದರು.’

“ಎರಡು ಟಿ,” ಎಂದಳು ಡೆಲಿಮಾ. ಅವನು ಹೋದಮೇಲೆ ಕುರ್ಚಿಯಲ್ಲಿ ಕೂತಳು. ಕೆಮ್ಮು ಗಾಳಿಗೆ ಹೋಗುತ್ತದೆ, ಹಿತ್ತಾಳೆ ಹೋಗುವುದಿಲ್ಲ. ಅವಳು ಸತ್ತಮೇಲೂ ಮೊಮ್ಮಕ್ಕಳು, ಅವರ ಮಕ್ಕಳು ರಿಂಕ್‌ಗೆ ಹೋದಾಗಲೆಲ್ಲ ಅದನ್ನು ಓದುತ್ತಾರೆ. ಮಾಡಿದ ಪಾಪಕ್ಕೆ ಹೆಸರು ಕೆಟ್ಟರೆ ಕೆಡಲಿ, ಮಾಡದ್ದಕ್ಕೆ ಹಿತ್ತಾಳೆಯಲ್ಲಿ ಕೆಡುವುದನ್ನು ಅವಳಿಗೆ ಸಹಿಸಲಾಗಲಿಲ್ಲ. ಬರುವ ಶನಿವಾರವೇ ಫಲಕ ತೆರೆಯುವ ಸಮಾರಂಭ.

ಮಾರನೆಯ ದಿನ ಬಸ್ಸು ಹತ್ತಿ ಸಡ್ಬರಿ ನಗರಕ್ಕೆ, ನಿವೃತ್ತ ಗುರುಗಳು ಒಟ್ಟಿಗಿರುವ ಮನೆಗೆ ಹೋದಳು. ಆ ಫೈನಲ್ ಆದ ವರ್ಷವೇ ಬೇರೆ ಊರಿಗೆ ವರ್ಗ ಕೇಳಿಕೊಂಡು ಹೋಗಿದ್ದ ಫಾದರ್ ಕ್ಲೆಮಾನ್‌ಗೆ ಈಗ ಎಂಬತ್ನಾಲ್ಕು. ಕಿಟಕಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದರು. ನಾನು ಆ ದಿನ ಒಗೆಯಲಿಲ್ಲ ಎನ್ನುವುದಕ್ಕೆ ನೀವೊಬ್ಬರೇ ಸಾಕ್ಷಿ, ಬಂದು ಒಂದು ಮಾತು ಹೇಳಿ ಎಂದು ಕೇಳಿಕೊಂಡಳು.

“ಯಾವ ದಿನ? ಏನು ಒಗೆಯೋದು?” ಎಂದರು ಫಾದರ್. ಅವರ ಕಿವಿಗಳು ಕೆಂಪಾಗಿದ್ದವು. ನಿವೇದನೆಯಲ್ಲಿ ಕೇಳಿದ್ದು ಗುರುಗಳ ಬಾಯಿಂದ ಹೊರಬರುವ ಹಾಗಿಲ್ಲವೆಂಬುದು ಅವಳಿಗೂ ಗೊತ್ತಿತ್ತು. ಆಮೇಲೆ ಕಂಬಳಿ ಸರಿಮಾಡಿಕೊಂಡು ಅವರೇ, ಸಮಾರಂಭಕ್ಕೆ ಬಂದು ಸುಮ್ಮನೆ ಕೂರಬಾರದೆಂದು ಯಾವ ನಿಯಮವೂ ಇಲ್ಲ ಎಂದರು.

“ನಾನೇ ಹೇಳಿದ್ರೆ ಹುಡುಗರಿಗೆ ನೋವಾಗುತ್ತೆ ಫಾದರ್.”

“ಆ ಹುಡುಗರಿಗೆ ಈಗ ಮೊಮ್ಮಕ್ಕಳಿವೆ ಡೆಲಿಮಾ. ತಡ್ಕೋತಾರೆ.”

ಮನೆಗೆ ಬಂದು ಅವಳು ಎಲೆಕೋಸು ಹೆಚ್ಚಿ ಹುಳಿಗೆ ಹಾಕಿದಳು. ಮೀನಿನ ಚರ್ಮ ತಂದಳು. ಆಮೇಲೆ ಕಪಾಟಿನ ತಳದಿಂದ ಒಂದು ಚೀಲ ತೆಗೆದಳು. ಅದರೊಳಗೆ ಒವಿಲಾನ ಬೂಟಿನ ಉಣ್ಣೆಯ ಪದರಗಳಿದ್ದವು. ಅವನು ಹೋದಮೇಲೆ ಅವಳು ಮನೆಯಲ್ಲಿ ಒಗೆಯದೆ ಇಟ್ಟುಕೊಂಡಿದ್ದ ಒಂದೇ ಒಂದು ವಸ್ತು ಅದು. ನೀರಿಗೆ ಹಾಕುವ ಮುಂಚೆ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು.

ಶನಿವಾರ ಮಧ್ಯಾಹ್ನ ರಿಂಕ್‌ನ ಹಜಾರ ತುಂಬಿತ್ತು. ಹಳೆಯ ಗೂಬೆಗಳಲ್ಲಿ ಹನ್ನೊಂದು ಜನ ಬಂದಿದ್ದರು. ಒಬ್ಬೊಬ್ಬರದು ಒಂದೊಂದು ಮೊಣಕಾಲು ಕೆಟ್ಟಿತ್ತು. ಬಡ್ ಎದ್ದು ನಿಂತು ಕೊಳೆಬಟ್ಟೆಯ ಮಹಿಮೆ ಶುರುಮಾಡಿದ. ಮುಂದಿನ ಸಾಲಿನಲ್ಲಿ ಫಾದರ್ ಕ್ಲೆಮಾನ್ ಕಣ್ಣು ಮುಚ್ಚಿ ಕೂತಿದ್ದರು. ಪಕ್ಕದಲ್ಲಿದ್ದ ಡೆಲಿಮಾ ಕೈಚೀಲ ಹಿಡಿದುಕೊಂಡು ಎದ್ದಳು.

“ಬಡ್, ನಿಲ್ಸಪ್ಪ ಸ್ವಲ್ಪ. ಅದು ನಿಮ್ಮ ಬೆವರಲ್ಲ.”

ಅವಳು ಎಲ್ಲವನ್ನೂ ಹೇಳಿದಳು. ಆರ್ವೋನ ಬೆನ್ನು, ಅಗುಳಿ ಹಾಕಿದ ಬಾಗಿಲು, ಈರುಳ್ಳಿ, ಇಲಿ, ಎಲೆಕೋಸು, ಬೂಟು. ಮೊದಲ ಮೂರು ಪಂದ್ಯ ಬಿಟ್ಟು ಎಂಟಕ್ಕೂ ಒಗೆದದ್ದು. ಮೋಸ ಮಾಡುವುದಿಲ್ಲವೆಂದು ಒಬ್ಬರಿಗೆ ಮಾತು ಕೊಟ್ಟು ಫೈನಲ್‌ಗೆ ಒಗೆಯದೆ ಬಿಟ್ಟದ್ದು. ಹಜಾರದಲ್ಲಿ ಗುಸುಗುಸು ಎದ್ದಿತು. ಬಡ್‌ನ ಬೋಳುತಲೆ ಕೆಂಪಾಯಿತು. ಎಂಟು ಸಲ ಒಗೆದವಳು ಒಂಬತ್ತನೆಯ ಸಲ ಒಗೆಯಲಿಲ್ಲ ಎಂದರೆ ಯಾರು ನಂಬುತ್ತಾರೆ ಎಂದ. ಅವತ್ತು ಗೆಲುವಿನ ವಾಸನೆ ಇರಲಿಲ್ಲ ಎನ್ನುವುದಕ್ಕೆ ಆರ್ವೋನ ಅಂಗಿಯೇ ಸಾಕ್ಷಿ ಎಂದ.

ಆರ್ವೋ ತಗಡಿನ ಡಬ್ಬದ ಮುಚ್ಚಳ ತೆಗೆದ. ಮೊದಲ ಎರಡು ಸಾಲಿನವರು ಕುರ್ಚಿ ಹಿಂದಕ್ಕೆ ಸರಿಸಿದರು. ಅವನು ಬಗ್ಗಿ ಮೂಸಿ ತಲೆಯಾಡಿಸಿದ. “ಅವತ್ತೂ ಇದನ್ನೇ ಹೇಳಿದ್ದೆ. ಇದು ನನ್ನದಲ್ಲ.”

ಡೆಲಿಮಾ ಕೈಚೀಲದಿಂದ ಬಾಟಲಿ ತೆಗೆದು ಅವನ ಕೈಗಿಟ್ಟಳು. ಅವನು ಬಿರಡೆ ಎಳೆದು ಮೂಗಿಗೆ ಹಿಡಿದ.

“ಇದು,” ಎಂದ ಆರ್ವೋ. “ಇದು ನನ್ನ ವಾಸನೆ.”

ಬಾಟಲಿ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬ ಮುದುಕನೂ ಮೂಸಿದ, ಒಬ್ಬೊಬ್ಬನೂ ಕಣ್ಣೊರೆಸಿಕೊಂಡ. ಇದು ಏಳನೇ ಪಂದ್ಯದ್ದು ಎಂದ ಒಬ್ಬ. ಅಲ್ಲ, ಫೋರ್ಟ್ ಕ್ರಾಲಿಯಿಂದ ಗೆದ್ದು ಬರುವಾಗ ಬಸ್ಸಿನಲ್ಲಿದ್ದದ್ದು ಎಂದ ಇನ್ನೊಬ್ಬ. ಕೊನೆಗೆ ಬಾಟಲಿ ಬಡ್‌ನ ಕೈಗೆ ಬಂತು. ಅವನು ಬಹಳ ಹೊತ್ತು ಮೂಗಿನಿಂದ ತೆಗೆಯಲೇ ಇಲ್ಲ. ಎಲೆಕೋಸಿನಿಂದ ಕಣ್ಣೀರು ಬಂತೋ ನೆನಪಿನಿಂದಲೋ ಯಾರಿಗೂ ಗೊತ್ತಾಗಲಿಲ್ಲ.

“ಹಾಗಾದ್ರೆ ಆ ಕಡಿತ ಸೋಪಿಂದಲ್ಲ,” ಎಂದ ಆರ್ವೋ ನಿಧಾನವಾಗಿ. “ಕೊಳೇದು.”

“ಕೊಳೇದೇ ಕಣಪ್ಪ.”

“ಕೊಳೆಬಟ್ಟೇಲಿ ಸೋತ್ವಿ. ಎಂಟು ಪಂದ್ಯ ಒಗೆದ ಬಟ್ಟೇಲಿ ಗೆದ್ವಿ.” ಆರ್ವೋ ಹಣೆ ಸುಕ್ಕುಗಟ್ಟಿಸಿ ಯೋಚಿಸಿದ. “ಅಂದ್ರೆ ಬಡ್, ನಾವು ಚೆನ್ನಾಗೇ ಆಡ್ತಿದ್ವಿ ಅಂತಾಯ್ತು.”

ಮೂವತ್ತು ವರ್ಷದಲ್ಲಿ ವಸಾಗಮಿಯಲ್ಲಿ ಯಾರಿಗೂ ಹೊಳೆಯದ ಮಾತು ಅದು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ನಗಲು ಶುರುಮಾಡಿದರು. ಬಡ್ ಹೊರ್ಗನ್ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕು, ಕುರ್ಚಿ ಹುಡುಕಿ ಕೂರಬೇಕಾಯಿತು. ನಗು ನಿಂತ ಮೇಲೆ ಜೇಬಿನಿಂದ ಚೀಟಿ ತೆಗೆದು, ‘ಒಗೆದರು’ ಎಂಬಲ್ಲಿ ‘ಒಗೆಯಲಿಲ್ಲ’ ಎಂದು ತಿದ್ದಿದ. ಸ್ವಲ್ಪ ಯೋಚಿಸಿ ಅದನ್ನೂ ಹೊಡೆದುಹಾಕಿದ. ಗಾಜಿನ ಪೆಟ್ಟಿಗೆಯಲ್ಲಿ ಇಂದಿಗೂ ಇರುವುದು ಆ ಬಾಟಲಿ. ಬಿರಡೆಗೆ ಮೇಣ ಹಾಕಿ ಭದ್ರ ಮಾಡಿದ್ದಾರೆ. ಹೊಸದಾಗಿ ಕೆತ್ತಿಸಿದ ಫಲಕದ ಮೇಲೆ ‘ವಸಾಗಮಿ ಔಲ್ಸ್, ಹನ್ನೊಂದು ಗೆಲುವು. ವಾಸನೆ: ಶ್ರೀಮತಿ ಡೆಲಿಮಾ ತುರ್ಕೋತ್’ ಎಂದಿದೆ. ಎರಡು ಟಿ.

ಹೊರಡುವಾಗ ಫಾದರ್ ಕ್ಲೆಮಾನ್ ಅವಳ ತೋಳು ಹಿಡಿದುಕೊಂಡು ಮೆಟ್ಟಿಲಿಳಿದರು. “ಎಲ್ಲಾರ ಮುಂದೆ ಹೇಳಿದ್ದರ ಬಗ್ಗೆ ನಾನೂ ಮಾತಾಡಬಹುದು ತಾನೆ?” ಎಂದರು. “ಫೈನಲ್‌ಗೆ ಒಗೀಬೇಡ ಅಂತ ನಿನ್ನ ಹತ್ರ ಮಾತು ತಗೊಂಡಿದ್ದು ಯಾರೋ ಏನೋ. ಶುದ್ಧ ದಡ್ಡ ಇರ್ಬೇಕು ಅವನು.”

“ಅವರು ಒಳ್ಳೆಯವರೇ, ಫಾದರ್,” ಎಂದಳು ಡೆಲಿಮಾ. “ಸೋಪು ಯಾವುದು ಅಂತಾನೂ ಕೇಳಿದ್ರು.”

ಆರ್ವೋ ಹಿಂದಿನಿಂದ ಕುಂಟುತ್ತ ಬಂದು ತಗಡಿನ ಡಬ್ಬವನ್ನು ಅವಳ ಮುಂದೆ ಹಿಡಿದ.

“ತುರ್ಕೋತ್ ಅಮ್ಮ, ತೊಂದ್ರೆ ಇಲ್ದಿದ್ರೆ ಇದನ್ನ ಒಗೆದು ಕೊಡ್ತೀರಾ?”

ಸೋಮವಾರ ಬೆಳಿಗ್ಗೆ ಅವಳು ಅದನ್ನು ಕೈಯಲ್ಲೇ ಒಗೆದಳು. ನಾಲ್ಕು ನೀರು ಬದಲಿಸಬೇಕಾಯಿತು. ಎರಡು ನಮೋ ಮರಿಯಾ ಹೇಳಿ, ಅಭ್ಯಾಸಬಲದಿಂದ ಮೂರನೆಯದನ್ನೂ ಶುರುಮಾಡಿ, ಅದನ್ನು ಒವಿಲಾನ ಹೆಸರಿಗೆ ಮುಗಿಸಿದಳು. ಬೀದಿಯ ಕಡೆಗಿದ್ದ ಹಗ್ಗದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಹರವಿದಳು. ಆ ವರ್ಷದ ಮೊದಲ ಕಡುಚಳಿ. ಹತ್ತು ನಿಮಿಷದಲ್ಲಿ ಒಳಂಗಿ ಹಲಗೆಯಂತೆ ಸೆಟೆದು ನಿಂತಿತು, ಎರಡು ತೋಳನ್ನೂ ಅಗಲಕ್ಕೆ ಚಾಚಿಕೊಂಡು, ಏನು ಬಂದರೂ ತಡೆಯುತ್ತೇನೆ ಎನ್ನುವ ಹಾಗೆ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಅದನ್ನು ನೋಡಿ ಕೆಮ್ಮಿದರು. ನೆಗಡಿಯಾಗಿತ್ತು ಪಾಪ. ಡೆಲಿಮಾ ಅವರನ್ನು ಒಳಗೆ ಕರೆದು ಬಿಸಿ ಸೂಪು ಕೊಟ್ಟಳು.